ಸಾರಾ ಕಾಲ್ಡ್‌ವೆಲ್: ಒಬ್ಬರೇ ಹೊತ್ತ ಒಪೆರಾ ಕಂಪನಿ

ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾ 1883ರಲ್ಲಿ ಬಾಗಿಲು ತೆರೆಯಿತು. ಅಲ್ಲಿನ ವಾದ್ಯವೃಂದವನ್ನು ಒಬ್ಬ ಮಹಿಳೆ ನಡೆಸುವ ದಿನ ಬರಲು ತೊಂಬತ್ತು ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತು. 1976ರ ಜನವರಿ 13ರಂದು ವೆರ್ಡಿಯ ‘ಲಾ ಟ್ರಾವಿಯಾಟಾ’ವನ್ನು ನಡೆಸಿಕೊಟ್ಟ ಸಾರಾ ಕಾಲ್ಡ್‌ವೆಲ್ ಅವರ ಹೆಸರು ಸಂಗೀತದ ಇತಿಹಾಸದಲ್ಲಿ ಇಂದು ಕಾಣಿಸಿಕೊಳ್ಳುವುದು ಬಹುಪಾಲು ಈ ಒಂದು ಕಾರಣಕ್ಕೆ. ಆದರೆ ಆ ಸಂಜೆ ಬರುವಷ್ಟರಲ್ಲಿ ಅವರು ಬಾಸ್ಟನ್ ನಗರದಲ್ಲಿ ಸುಮಾರು ಹದಿನೆಂಟು ವರ್ಷಗಳಿಂದ ತಮ್ಮದೇ ಒಪೆರಾ ಕಂಪನಿಯನ್ನು ನಡೆಸಿಕೊಂಡು ಬಂದಿದ್ದರು ಮತ್ತು ಅಮೆರಿಕದ ದೊಡ್ಡ ಸಂಸ್ಥೆಗಳು ಕೈಯಿಡಲು ಹಿಂಜರಿದ ಹಲವು ಕೃತಿಗಳನ್ನು ಸ್ವಂತ ರಂಗಮಂದಿರವೂ ಇಲ್ಲದ ಆ ಪುಟ್ಟ ಕಂಪನಿಯಿಂದಲೇ ಆಡಿಸಿ ತೋರಿಸಿದ್ದರು. ಆ ಕಂಪನಿ ಹೇಗೆ ಹುಟ್ಟಿತು, ಹೇಗೆ ನಡೆಯಿತು, ಏಕೆ ಮುಚ್ಚಿತು ಎಂಬುದನ್ನು ಹಿಂಬಾಲಿಸಿದರೆ ಒಪೆರಾ ಎಂಬ ಕಲೆ ಒಳಗಿನಿಂದ ಹೇಗೆ ಕೆಲಸ ಮಾಡುತ್ತದೆ, ಅದಕ್ಕೆ ಹಣ ಏಕೆ ಎಂದೂ ಸಾಲದು ಎಂಬುದೂ ತಿಳಿಯುತ್ತದೆ. ನನ್ನ ದೃಷ್ಟಿಯಲ್ಲಿ ಆ ಕಂಪನಿಯನ್ನು ಎತ್ತರಕ್ಕೆ ಒಯ್ದದ್ದೂ ಕೊನೆಗೆ ಮುಳುಗಿಸಿದ್ದೂ ಒಂದೇ ಸಂಗತಿ: ಅಲ್ಲಿ ಸಂಗೀತ, ರಂಗ, ಹಣಕಾಸು ಮೂರೂ ಒಬ್ಬರ ಕೈಯಲ್ಲಿದ್ದವು.

ಮೊದಲಿಗೆ, ಈ ಮೂರು ಸಾಮಾನ್ಯವಾಗಿ ಒಬ್ಬರ ಕೈಯಲ್ಲಿ ಏಕೆ ಇರುವುದಿಲ್ಲ ಎಂಬುದನ್ನು ನೋಡಬೇಕು. ಒಪೆರಾದಲ್ಲಿ ಕತೆಯ ಬಹುಭಾಗ ಹಾಡಿನಲ್ಲೇ ಸಾಗುತ್ತದೆ. ಪಾತ್ರಧಾರಿಗಳು ಮೈಕ್ ಇಲ್ಲದೆ, ಕೇವಲ ಕಂಠದ ಬಲದಿಂದ, ಹತ್ತಾರು ವಾದ್ಯಗಳ ನಾದವನ್ನು ದಾಟಿ ಸಭಾಂಗಣದ ಕೊನೆಯ ಸಾಲಿಗೆ ಕೇಳಿಸುವಂತೆ ಹಾಡಬೇಕು. ವಾದ್ಯವೃಂದ ಕುಳಿತುಕೊಳ್ಳುವುದು ರಂಗದ ಮುಂದಿನ ತಗ್ಗಾದ ಅಂಕಣದಲ್ಲಿ. ಅದರ ಹಿಂದೆ, ಎತ್ತರದಲ್ಲಿ, ನಟರೂ ಒಟ್ಟಾಗಿ ಹಾಡುವ ಮೇಳದವರೂ ಇರುತ್ತಾರೆ. ವಾದ್ಯವೃಂದವನ್ನು ನಡೆಸುವ ಕಂಡಕ್ಟರ್ ನಿಲ್ಲುವುದು ಪ್ರೇಕ್ಷಕರಿಗೆ ಬೆನ್ನು ಹಾಕಿ, ಇವೆರಡಕ್ಕೂ ಎದುರಾಗಿ. ಲಯ ತೋರಿಸುವುದು ಅವರ ಕೆಲಸದಲ್ಲಿ ಕಣ್ಣಿಗೆ ಕಾಣುವ ಸಣ್ಣ ಭಾಗ ಮಾತ್ರ. ಗಾಯಕಿ ಒಂದು ಸ್ವರವನ್ನು ಆ ದಿನ ಕೊಂಚ ಹೆಚ್ಚು ಹೊತ್ತು ಹಿಡಿದರೆ ಅರವತ್ತು ಮಂದಿ ವಾದಕರನ್ನು ಆ ಕ್ಷಣಾರ್ಧಕ್ಕೆ ತಡೆದು ನಿಲ್ಲಿಸಬೇಕು. ಉಸಿರು ಸಾಲದೆ ಆಕೆ ಅವಸರಿಸಿದರೆ ಎಲ್ಲರನ್ನೂ ಜೊತೆಗೆ ಎಳೆದೊಯ್ಯಬೇಕು. ಹಿತ್ತಾಳೆಯ ವಾದ್ಯಗಳು ಕಂಠವನ್ನು ನುಂಗುತ್ತಿದ್ದರೆ ಎಡಗೈಯಿಂದ ತಗ್ಗಿಸಬೇಕು. ರಂಗದ ಹಿಂಭಾಗದಲ್ಲಿರುವ ಮೇಳಕ್ಕೆ ವಾದ್ಯದ ಸದ್ದು ತಡವಾಗಿ ಮುಟ್ಟುತ್ತದೆ ಎಂಬುದನ್ನು ಲೆಕ್ಕಹಾಕಿ ಅವರು ಕಿವಿಯನ್ನು ನಂಬದೆ ತಮ್ಮ ಕೈಯನ್ನೇ ನೋಡುವಂತೆ ಮೊದಲೇ ಪಳಗಿಸಿರಬೇಕು. ಪ್ರದರ್ಶನದ ರಾತ್ರಿ ನಡೆಯುವ ಈ ಕೆಲಸಕ್ಕೆ ಹಿಂದೆ ವಾರಗಟ್ಟಲೆ ತಾಲೀಮು ಇರುತ್ತದೆ: ಪಿಯಾನೊ ಜೊತೆಗೆ ಒಬ್ಬೊಬ್ಬ ಗಾಯಕರ ಪಾಠ, ಮೇಳದ ಪಾಠ, ವಾದ್ಯವೃಂದದ ಪ್ರತ್ಯೇಕ ಅಭ್ಯಾಸ, ಬಳಿಕ ಎಲ್ಲರೂ ಕುಳಿತೇ ಹಾಡಿ ನುಡಿಸುವ ಮೊದಲ ಕೂಡು ತಾಲೀಮು, ಕೊನೆಗೆ ವೇಷಭೂಷಣದ ತಾಲೀಮು.

ರಂಗನಿರ್ದೇಶಕರ ಕೆಲಸ ಇದಕ್ಕೆ ಸಮಾನಾಂತರವಾದದ್ದು. ಯಾರು ಎಲ್ಲಿಂದ ಬರುತ್ತಾರೆ, ಎಲ್ಲಿ ನಿಲ್ಲುತ್ತಾರೆ, ದೃಶ್ಯ ಹೇಗಿರುತ್ತದೆ, ಬೆಳಕು ಯಾವಾಗ ಬದಲಾಗುತ್ತದೆ, ಸಾಯುವ ನಾಯಕಿ ಮಲಗಿ ಹಾಡುತ್ತಾಳೆಯೇ ನಿಂತು ಹಾಡುತ್ತಾಳೆಯೇ ಎಂಬುದೆಲ್ಲ ಅವರ ತೀರ್ಮಾನ. ಈ ತೀರ್ಮಾನಗಳು ಕಂಡಕ್ಟರ್ ಬಯಸುವ ನಾದಕ್ಕೆ ವಿರುದ್ಧವಾಗುವುದು ದಿನನಿತ್ಯದ ಮಾತು. ಒಪೆರಾ ಮಂದಿರಗಳ ಅರ್ಧ ಜಗಳಗಳು ಇಲ್ಲಿಂದಲೇ ಹುಟ್ಟುತ್ತವೆ. ಇವರಿಬ್ಬರ ಮೇಲೆ ಮೂರನೆಯವರೊಬ್ಬರಿರುತ್ತಾರೆ: ಯಾವ ಕೃತಿ ಆಡಬೇಕು, ಯಾರನ್ನು ಕರೆಸಬೇಕು, ದುಡ್ಡು ಎಲ್ಲಿಂದ ತರಬೇಕು ಎಂದು ನೋಡಿಕೊಳ್ಳುವ ಆಡಳಿತ ನಿರ್ದೇಶಕರು. ನಮ್ಮ ವೃತ್ತಿರಂಗಭೂಮಿಯ ಕಂಪನಿ ಯಜಮಾನರನ್ನು ಬಲ್ಲ ಓದುಗರಿಗೆ ಈ ಮೂರೂ ಒಬ್ಬರಲ್ಲೇ ಸೇರುವುದು ಅಚ್ಚರಿಯೆನಿಸಲಾರದು. ಆದರೆ ಇಪ್ಪತ್ತನೆಯ ಶತಮಾನದ ಒಪೆರಾ ಜಗತ್ತಿನಲ್ಲಿ ಅದು ತೀರ ಅಪರೂಪ. ಕಾಲ್ಡ್‌ವೆಲ್ ಅಂಥ ಯಜಮಾನಿಯಾಗಿದ್ದರು.

ಅವರು ಹುಟ್ಟಿದ್ದು 1924ರ ಮಾರ್ಚ್ 6ರಂದು, ಮಿಸೌರಿ ರಾಜ್ಯದ ಮೇರಿವಿಲ್ ಎಂಬ ಸಣ್ಣ ಊರಿನಲ್ಲಿ. ಬೆಳೆದದ್ದು ಅರ್ಕನ್ಸಾದ ಫೇಯೆಟ್‌ವಿಲ್‌ನಲ್ಲಿ. ತಾಯಿ ಸಂಗೀತ ಬಲ್ಲವರು. ಮಗುವಿಗೆ ಗಣಿತವೂ ಪಿಟೀಲೂ ಬಹು ಬೇಗ ಒಲಿದವು. ಹತ್ತು ವರ್ಷ ತುಂಬುವ ಮೊದಲೇ ಜನರೆದುರು ಪಿಟೀಲು ನುಡಿಸುತ್ತಿದ್ದರು, ಹದಿನಾಲ್ಕಕ್ಕೆ ಹೈಸ್ಕೂಲು ಮುಗಿಸಿದ್ದರು. ಅರ್ಕನ್ಸಾದಲ್ಲೇ ಕೆಲವು ಕಾಲ ಕಾಲೇಜು ಓದಿ ಬಳಿಕ ಬಾಸ್ಟನ್ನಿನ ನ್ಯೂ ಇಂಗ್ಲೆಂಡ್ ಕನ್ಸರ್ವೇಟರಿ ಎಂಬ ಸಂಗೀತ ಕಾಲೇಜಿಗೆ ಬಂದು ಪಿಟೀಲು ಮತ್ತು ಅದಕ್ಕಿಂತ ಕೊಂಚ ದೊಡ್ಡದಾದ ವಯೋಲಾ ಅಭ್ಯಾಸ ಮಾಡಿದರು. ವಾದ್ಯವೃಂದವೊಂದರಲ್ಲಿ ವಯೋಲಾ ನುಡಿಸುತ್ತ ನೆಮ್ಮದಿಯಾಗಿ ಬದುಕು ಕಳೆಯಬಹುದಾಗಿದ್ದ ಅವರನ್ನು ಒಪೆರಾದ ಕಡೆಗೆ ತಿರುಗಿಸಿದವರು ರಷ್ಯಾದಲ್ಲಿ ಹುಟ್ಟಿ ಅಮೆರಿಕಕ್ಕೆ ವಲಸೆ ಬಂದಿದ್ದ ಬೋರಿಸ್ ಗೋಲ್ಡೊವ್‌ಸ್ಕಿ.

ಗೋಲ್ಡೊವ್‌ಸ್ಕಿ ಆ ಕಾಲಕ್ಕೆ ಬಾಸ್ಟನ್ನಿನಲ್ಲಿ ನ್ಯೂ ಇಂಗ್ಲೆಂಡ್ ಒಪೆರಾ ಥಿಯೇಟರ್ ನಡೆಸುತ್ತಿದ್ದರು. ಒಪೆರಾ ಎಂದರೆ ವೇಷ ಹಾಕಿಕೊಂಡು ಮಾಡುವ ಕಛೇರಿಯಲ್ಲ, ಅದು ನಾಟಕ. ಗಾಯಕರು ಮೊದಲು ಪಾತ್ರವನ್ನು ಅರಿಯಬೇಕು ಎಂಬುದು ಅವರ ಪಾಠದ ತಿರುಳು. ಕಾಲ್ಡ್‌ವೆಲ್ ಹಲವು ವರ್ಷ ಅವರ ಸಹಾಯಕಿಯಾಗಿ ಕೆಲಸ ಮಾಡಿದರು. ಮೇಳಕ್ಕೆ ಪಾಠ ಹೇಳಿದರು, ಅನುವಾದಕ್ಕೆ ಕೈಹಚ್ಚಿದರು, ರಂಗದ ಹಿಂದಿನ ಬೆವರಿನ ಕೆಲಸವನ್ನೂ ಮಾಡಿದರು. 1947ರಲ್ಲಿ, ಇನ್ನೂ ಇಪ್ಪತ್ಮೂರರ ಪ್ರಾಯದಲ್ಲಿ, ಟ್ಯಾಂಗಲ್‌ವುಡ್ಡಿನ ಬೇಸಿಗೆ ಸಂಗೀತ ಕೇಂದ್ರದಲ್ಲಿ ವಾನ್ ವಿಲಿಯಮ್ಸ್ ಅವರ ‘ರೈಡರ್ಸ್ ಟು ದ ಸೀ’ ಎಂಬ ಪುಟ್ಟ ಒಪೆರಾವನ್ನು ರಂಗಕ್ಕೆ ತಂದರು. 1952ರಿಂದ ಬಾಸ್ಟನ್ ವಿಶ್ವವಿದ್ಯಾಲಯದ ಒಪೆರಾ ವಿಭಾಗದ ಹೊಣೆ ಅವರದಾಯಿತು. ವಿದ್ಯಾರ್ಥಿಗಳನ್ನಿಟ್ಟುಕೊಂಡು ಅವರು ಆಡಿಸಿದ ಕೃತಿಗಳನ್ನು ನೋಡಿದರೆ ಮುಂದಿನ ದಾರಿ ಆಗಲೇ ಗೊತ್ತಾಗುತ್ತದೆ: 1953ರಲ್ಲಿ ಸ್ಟ್ರಾವಿನ್‌ಸ್ಕಿಯ ‘ದ ರೇಕ್ಸ್ ಪ್ರೊಗ್ರೆಸ್’, ಅದೂ ಸ್ವತಃ ಸ್ಟ್ರಾವಿನ್‌ಸ್ಕಿಯೇ ಬಂದು ವಾದ್ಯವೃಂದ ನಡೆಸಿದ ಪ್ರಯೋಗ; 1956ರಲ್ಲಿ ಹಿಂಡೆಮಿತ್ ಅವರ ‘ಮಾಥಿಸ್ ಡೆರ್ ಮಾಲರ್’, ಅಮೆರಿಕದಲ್ಲಿ ಮೊದಲ ಬಾರಿಗೆ.

ಬಾಸ್ಟನ್ ಸಂಗೀತಕ್ಕೆ ಬಡ ಊರಲ್ಲ. ಅಲ್ಲಿನ ಸಿಂಫನಿ ವಾದ್ಯವೃಂದ 1881ರಿಂದ ನಡೆದುಬಂದಿದೆ, ವಿಶ್ವವಿದ್ಯಾಲಯಗಳೂ ಕನ್ಸರ್ವೇಟರಿಗಳೂ ಬೇಕಾದಷ್ಟಿವೆ. ಆದರೂ ಒಪೆರಾ ಅಲ್ಲಿ ಬೇರೂರಿರಲಿಲ್ಲ. 1909ರಲ್ಲಿ ಹಂಟಿಂಗ್‌ಟನ್ ಅವೆನ್ಯೂವಿನಲ್ಲಿ ಭವ್ಯವಾದ ಒಪೆರಾ ಮಂದಿರವೊಂದು ಎದ್ದಿತು. ಅದಕ್ಕಾಗಿಯೇ ಕಟ್ಟಿದ ಕಂಪನಿ ಆರೇ ವರ್ಷಗಳಲ್ಲಿ ದಿವಾಳಿಯಾಯಿತು. ನಂತರ ಊರಿನವರು ಒಪೆರಾ ನೋಡುತ್ತಿದ್ದುದು ಮುಖ್ಯವಾಗಿ ಮೆಟ್ರೊಪಾಲಿಟನ್‌ನಂಥ ಕಂಪನಿಗಳು ಪ್ರವಾಸ ಬಂದಾಗ. 1958ರಲ್ಲಿ ಆ ಮಂದಿರವನ್ನೂ ಕೆಡವಿದರು. ಕಾಲ್ಡ್‌ವೆಲ್ ಬಾಸ್ಟನ್ ಒಪೆರಾ ಗ್ರೂಪ್ ಎಂಬ ತಮ್ಮ ಕಂಪನಿಯನ್ನು ಸಣ್ಣ ಬಂಡವಾಳದಲ್ಲಿ ಹುಟ್ಟುಹಾಕಿ ಮೊದಲ ಆಟ ಆಡಿದ್ದು ಸರಿಯಾಗಿ ಅದೇ ವರ್ಷ, ಬಯಲಿನಲ್ಲಿ ನಡೆಯುವ ನಗರದ ಕಲೋತ್ಸವದಲ್ಲಿ. ಆಫೆನ್‌ಬಾಕ್ ಅವರ ಚಂದ್ರಯಾನದ ಹಾಸ್ಯ ಒಪೆರಾ. ರಷ್ಯಾದ ಸ್ಪುಟ್ನಿಕ್ ಮೇಲೇರಿ ವರ್ಷವೂ ತುಂಬಿರದ ಆ ಹೊತ್ತಿನಲ್ಲಿ ಹತ್ತೊಂಬತ್ತನೆಯ ಶತಮಾನದ ಆ ಕತೆಯನ್ನು ಆರಿಸಿಕೊಂಡದ್ದು ಜಾಣತನವೇ ಸರಿ. 1965ರಲ್ಲಿ ಕಂಪನಿಯ ಹೆಸರು ಒಪೆರಾ ಕಂಪನಿ ಆಫ್ ಬಾಸ್ಟನ್ ಎಂದಾಯಿತು.

ಸ್ವಂತ ಮಂದಿರವಿಲ್ಲದ ಕಂಪನಿ ಮುಂದಿನ ಇಪ್ಪತ್ತು ವರ್ಷ ಊರೊಳಗೇ ಅಲೆಯಿತು. ಹಳೆಯ ಸಿನಿಮಾ ಮಂದಿರಗಳು, ಕಾಲೇಜು ಸಭಾಂಗಣಗಳು, ಒಂದು ಋತುವಿನಲ್ಲಿ ವಿಶ್ವವಿದ್ಯಾಲಯದ ವ್ಯಾಯಾಮಶಾಲೆ ಕೂಡ ಅದರ ರಂಗವಾಯಿತು. ಇದರ ಕಷ್ಟವನ್ನು ತಾಂತ್ರಿಕವಾಗಿ ಅರ್ಥಮಾಡಿಕೊಳ್ಳಬೇಕು. ಸಿನಿಮಾ ಮಂದಿರದಲ್ಲಿ ದೃಶ್ಯದ ಪರದೆಗಳನ್ನು ಮೇಲೆತ್ತಿ ಮರೆಮಾಡಲು ರಂಗದ ಮೇಲೆ ಬೇಕಾದಷ್ಟು ಎತ್ತರವಿರುವುದಿಲ್ಲ, ಪಕ್ಕಗಳಲ್ಲಿ ಜಾಗವಿರುವುದಿಲ್ಲ, ವಾದ್ಯವೃಂದಕ್ಕೆ ತಗ್ಗಿನ ಅಂಕಣವಿರುವುದಿಲ್ಲ. ವಾದಕರು ಪ್ರೇಕ್ಷಕರ ಮಟ್ಟದಲ್ಲೇ ಕುಳಿತರೆ ಗಾಯಕರ ಕಂಠ ಮುಚ್ಚಿಹೋಗುತ್ತದೆ. ಇಂಥ ಅಡ್ಡಿಗಳೆದುರು ಕಂಡಕ್ಟರ್ ಒಬ್ಬರು, ರಂಗನಿರ್ದೇಶಕರು ಇನ್ನೊಬ್ಬರು ಆಗಿದ್ದಿದ್ದರೆ ಒಬ್ಬರು ಇನ್ನೊಬ್ಬರ ಮೇಲೆ ದೂರು ಹೇಳುತ್ತ ಕೂರಬಹುದಿತ್ತು. ಕಾಲ್ಡ್‌ವೆಲ್ ಅವರಿಗೆ ದೂರು ಹೇಳಲು ಬೇರೆ ಯಾರೂ ಇರಲಿಲ್ಲ. ಗಾಯಕಿಯ ಕಂಠ ಕೇಳಿಸದಿದ್ದರೆ ಅವರು ರಂಗದ ಚಲನೆಯನ್ನೇ ಬದಲಿಸುತ್ತಿದ್ದರು. ದೃಶ್ಯ ಬದಲಾವಣೆಗೆ ಹೊತ್ತು ಬೇಕಿದ್ದರೆ ಸಂಗೀತದೊಳಗೇ ಅದಕ್ಕೆ ಸಂದು ಹುಡುಕುತ್ತಿದ್ದರು. ಅವರ ರಂಗಕಲ್ಪನೆ ಹೊರಡುತ್ತಿದ್ದುದೇ ಸ್ವರಲಿಪಿಯ ಪುಟದಿಂದ. ಅಷ್ಟರಮಟ್ಟಿಗೆ ಎರಡು ಹೊಣೆ ಒಬ್ಬರಲ್ಲಿ ಸೇರಿದ್ದು ನಷ್ಟವಾಗಲಿಲ್ಲ, ಲಾಭವೇ ಆಯಿತು.

ಎಲ್ಲ ಪ್ರಯೋಗಗಳಲ್ಲೂ ಅವರೇ ಕಂಡಕ್ಟರಿನ ಕೋಲು ಹಿಡಿಯುತ್ತಿರಲಿಲ್ಲ ಎಂಬುದನ್ನೂ ಹೇಳಬೇಕು. 1965ರಲ್ಲಿ ಇಟಲಿಯ ಲುಯಿಜಿ ನೋನೊ ಅವರ ‘ಇಂಟೊಲೆರಾನ್ಸಾ 1960’ ಬಾಸ್ಟನ್ನಿಗೆ ಬಂದಾಗ ವಾದ್ಯವೃಂದವನ್ನು ಬ್ರೂನೊ ಮದೆರ್ನಾ ನಡೆಸಿದರು, ರಂಗದ ಹೊಣೆ ಕಾಲ್ಡ್‌ವೆಲ್ ಅವರದಾಗಿತ್ತು. ವಲಸೆ ಕಾರ್ಮಿಕನೊಬ್ಬ ದಬ್ಬಾಳಿಕೆಗೆ ಸಿಕ್ಕುವ ಕತೆಯದು. ನೋನೊ ಇಟಲಿಯ ಕಮ್ಯುನಿಸ್ಟ್ ಪಕ್ಷದ ಸದಸ್ಯರಾಗಿದ್ದುದರಿಂದ ಅಮೆರಿಕ ಅವರಿಗೆ ಮೊದಲು ವೀಸಾ ನಿರಾಕರಿಸಿತು. ಸಂಗೀತಗಾರರ ಪ್ರತಿಭಟನೆಯ ನಂತರ ಕೊಟ್ಟಿತು. ರಂಗವಿನ್ಯಾಸ ಮಾಡಿದವರು ಪ್ರಾಗ್‌ನ ಯೋಸೆಫ್ ಸ್ವೊಬೊಡಾ. ಅವರು ಟಿವಿ ಕ್ಯಾಮೆರಾಗಳನ್ನಿಟ್ಟು ರಂಗದ ಮೇಲಿನವರನ್ನೂ ಸಭಾಂಗಣದಲ್ಲಿ ಕುಳಿತ ಪ್ರೇಕ್ಷಕರನ್ನೂ ಅದೇ ಹೊತ್ತಿನಲ್ಲಿ ದೊಡ್ಡ ತೆರೆಗಳ ಮೇಲೆ ಮೂಡಿಸಿದರು. ಒಂದು ಘಟ್ಟದಲ್ಲಿ ಪ್ರೇಕ್ಷಕರ ಚಿತ್ರವನ್ನು ನೆಗೆಟಿವ್ ಮಾಡಿದಾಗ ಅಲ್ಲಿ ಕುಳಿತ ಬಿಳಿಯರೆಲ್ಲ ತೆರೆಯ ಮೇಲೆ ಕಪ್ಪು ಮುಖದವರಾಗಿ ಕಂಡರು. ನಾಗರಿಕ ಹಕ್ಕುಗಳ ಹೋರಾಟ ಕುದಿಯುತ್ತಿದ್ದ ವರ್ಷದಲ್ಲಿ ಇದನ್ನು ಸಂಪ್ರದಾಯಸ್ಥ ಬಾಸ್ಟನ್ನಿನ ಒಪೆರಾ ಪ್ರೇಕ್ಷಕರಿಗೆ ತೋರಿಸಲು ಧೈರ್ಯ ಬೇಕಿತ್ತು.

ಮರುವರ್ಷ ಶೋನ್‌ಬರ್ಗ್ ಅವರ ‘ಮೋಸೆಸ್ ಉಂಡ್ ಆರೋನ್’. ಶೋನ್‌ಬರ್ಗ್ 1933ರಲ್ಲಿ ಜರ್ಮನಿ ಬಿಟ್ಟು ಅಮೆರಿಕಕ್ಕೆ ಬಂದು, 1951ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ತೀರಿಕೊಂಡವರು. ತಾವು ಬಾಳಿದ ದೇಶದ ಯಾವ ರಂಗದ ಮೇಲೂ ಅವರ ಈ ದೊಡ್ಡ ಒಪೆರಾ ಅವರ ಜೀವಿತಕಾಲದಲ್ಲಿ ಬರಲಿಲ್ಲ. ಇದರಲ್ಲಿ ದೇವರನ್ನು ಕಂಡರೂ ಹೇಳಲಾರದ ಮೋಸೆಸ್ ಪಾತ್ರಧಾರಿ ಹಾಡುವುದಿಲ್ಲ, ಸ್ವರದ ಏರಿಳಿತವಿರುವ ಮಾತಿನಲ್ಲಿ ಮಾತ್ರ ನುಡಿಯುತ್ತಾನೆ. ಜನರಿಗೆ ಬೇಕಾದುದನ್ನು ಸಲೀಸಾಗಿ ಹೇಳಬಲ್ಲ ಅಣ್ಣ ಆರೋನ್ ಇಂಪಾಗಿ ಹಾಡುತ್ತಾನೆ. ನಾಟಕದ ಇಡೀ ಸಂಘರ್ಷವನ್ನು ಎರಡು ಬಗೆಯ ಕಂಠದಲ್ಲೇ ಹಿಡಿದಿಟ್ಟ ಕೃತಿ. ಮೇಳದ ಪಾಲಿಗಂತೂ ಅದು ಕಬ್ಬಿಣದ ಕಡಲೆ. ಯಾವ ಸ್ವರಕ್ಕೂ ಆಧಾರದ ಸ್ಥಾನ ಕೊಡದ ಹನ್ನೆರಡು ಸ್ವರಗಳ ಪದ್ಧತಿಯಲ್ಲಿ ಬರೆದ ಭಾಗಗಳನ್ನು ಬಾಯಿಪಾಠ ಮಾಡಿ, ನಟಿಸುತ್ತ ಹಾಡಬೇಕು. ದೇಶದ ದೊಡ್ಡ ಕಂಪನಿಗಳು ಹಿಂಜರಿದದ್ದು ಈ ತಾಲೀಮಿನ ಖರ್ಚಿಗೆ.

1970ರ ದಶಕದಲ್ಲಿ ಈ ಸಾಹಸ ಇನ್ನೂ ಬೆಳೆಯಿತು. ಬೆರ್ಲಿಯೋಜ್ ಅವರ ‘ಲೆ ಟ್ರೊಯೆನ್’ ಟ್ರಾಯ್ ನಗರದ ಪತನದಿಂದ ಕಾರ್ತೇಜಿನ ರಾಣಿ ಡೈಡೊಳ ಸಾವಿನವರೆಗಿನ ನಾಲ್ಕು ಗಂಟೆಗಳ ಕೃತಿ; ಸಂಯೋಜಕರು ಬದುಕಿದ್ದಾಗ ಅದರ ಉತ್ತರಾರ್ಧ ಮಾತ್ರ, ಅದೂ ಕತ್ತರಿಸಿದ ರೂಪದಲ್ಲಿ, ಪ್ಯಾರಿಸಿನಲ್ಲಿ ರಂಗ ಕಂಡಿತ್ತು. ಅಮೆರಿಕದಲ್ಲಿ ಅದನ್ನು ಪೂರ್ಣರೂಪದಲ್ಲಿ ಮೊದಲು ಆಡಿದ್ದು 1972ರಲ್ಲಿ, ಕಾಲ್ಡ್‌ವೆಲ್ ಅವರ ಕಂಪನಿ. ಡೈಡೊ ಆಗಿ ಫ್ರಾನ್ಸಿನ ರೆಜೀನ್ ಕ್ರೆಸ್ಪ್ಯಾಂ ಹಾಡಿದರು. 1973ರಲ್ಲಿ ವೆರ್ಡಿಯ ‘ಡಾನ್ ಕಾರ್ಲೋಸ್’. ಈ ಕೃತಿಯನ್ನು ಜಗತ್ತು ಹೆಚ್ಚಾಗಿ ಬಲ್ಲದ್ದು ಇಟಾಲಿಯನ್ ಭಾಷೆಯ ಮೊಟಕು ರೂಪದಲ್ಲಿ. 1867ರಲ್ಲಿ ಪ್ಯಾರಿಸಿಗಾಗಿ ವೆರ್ಡಿ ಬರೆದದ್ದು ಐದು ಅಂಕಗಳ ಫ್ರೆಂಚ್ ಒಪೆರಾ. ಆಟ ಮುಗಿಯುವಷ್ಟರಲ್ಲಿ ಹೊರವಲಯಕ್ಕೆ ಹೋಗುವ ಕೊನೆಯ ರೈಲು ತಪ್ಪಿಹೋಗುತ್ತದೆಂಬ ಕಾರಣಕ್ಕೆ ಮೊದಲ ಪ್ರದರ್ಶನಕ್ಕೆ ಮುಂಚೆಯೇ ಅದರಿಂದ ಹಲವು ಭಾಗಗಳನ್ನು ತೆಗೆದುಹಾಕಲಾಗಿತ್ತು. ಹೀಗೆ ತೆಗೆದ ಪುಟಗಳನ್ನು ಸಂಶೋಧಕರು ಪ್ಯಾರಿಸಿನ ಗ್ರಂಥಾಲಯದಲ್ಲಿ ಪತ್ತೆಹಚ್ಚಿದ ಸ್ವಲ್ಪ ಕಾಲದಲ್ಲೇ ಬಾಸ್ಟನ್ ಅವುಗಳನ್ನು ಮರಳಿಸಿ ಮೂಲ ಫ್ರೆಂಚಿನಲ್ಲಿ ಆಡಿತು. ಕೃತಿಯ ಮೊದಲ ರೂಪ ಯಾವುದು ಎಂದು ಹುಡುಕುತ್ತ ಹೋಗುವುದು ಕಾಲ್ಡ್‌ವೆಲ್ ಅವರ ಗೀಳು. ವಿದ್ವಾಂಸರ ಲೇಖನಗಳಲ್ಲಿ ಮಲಗಿದ್ದ ಪ್ರಶ್ನೆಗಳನ್ನು ಅವರು ಟಿಕೆಟ್ಟು ಕೊಂಡು ಬಂದವರ ಮುಂದೆ ಬಿಡಿಸುತ್ತಿದ್ದರು.

1974ರಲ್ಲಿ ಪ್ರೊಕೊಫಿಯೆವ್ ಅವರ ‘ಯುದ್ಧ ಮತ್ತು ಶಾಂತಿ’ ಅಮೆರಿಕದ ರಂಗಕ್ಕೆ ಮೊದಲ ಬಾರಿ ಬಂತು, ಅರವತ್ತಕ್ಕೂ ಹೆಚ್ಚು ಪಾತ್ರಗಳೊಂದಿಗೆ. 1975ರಲ್ಲಿ ಬೆರ್ಲಿಯೋಜ್ ಅವರ ‘ಬೆನ್ವೆನೂಟೊ ಚೆಲ್ಲಿನಿ’, 1976ರಲ್ಲಿ ಅಮೆರಿಕದವರೇ ಆದ ರಾಜರ್ ಸೆಷನ್ಸ್ ಅವರ ‘ಮಾಂಟೆಜುಮಾ’, 1977ರಲ್ಲಿ ಗ್ಲಿಂಕಾ ಅವರ ‘ರುಸ್ಲಾನ್ ಮತ್ತು ಲುಡ್ಮಿಲಾ’, 1982ರಲ್ಲಿ ಬೆರ್ಂಡ್ ಅಲೋಯಿಸ್ ತ್ಸಿಮ್ಮರ್‌ಮನ್ ಅವರ ‘ಡೀ ಸೋಲ್ಡಾಟೆನ್’. ಈ ಪಟ್ಟಿಯ ತೂಕ ಗೊತ್ತಾಗುವುದು ಮೆಟ್ರೊಪಾಲಿಟನ್‌ನ ಇತಿಹಾಸದ ಪಕ್ಕದಲ್ಲಿಟ್ಟಾಗ. ‘ಲೆ ಟ್ರೊಯೆನ್’ ಅಲ್ಲಿಗೆ ಬಂದದ್ದು ಬಾಸ್ಟನ್ನಿನ ಮರುವರ್ಷ. ‘ಮೋಸೆಸ್ ಉಂಡ್ ಆರೋನ್’ 1999ರಲ್ಲಿ, ‘ಯುದ್ಧ ಮತ್ತು ಶಾಂತಿ’ 2002ರಲ್ಲಿ, ‘ಬೆನ್ವೆನೂಟೊ ಚೆಲ್ಲಿನಿ’ 2003ರಲ್ಲಿ. ದೇಶದ ಅತಿ ಶ್ರೀಮಂತ ಒಪೆರಾ ಸಂಸ್ಥೆ ಮೂವತ್ತು ವರ್ಷ ತಡವಾಗಿ ಮಾಡಿದ್ದನ್ನು ಬಾಡಿಗೆಯ ಸಿನಿಮಾ ಮಂದಿರದ ಕಂಪನಿ ಮೊದಲೇ ಮಾಡಿತ್ತು.

ದೊಡ್ಡ ಗಾಯಕರು ಇಲ್ಲಿಗೆ ಏಕೆ ಬರುತ್ತಿದ್ದರು? ಜೋನ್ ಸದರ್ಲ್ಯಾಂಡ್, ಬೆವರ್ಲಿ ಸಿಲ್ಸ್, ಜಾನ್ ವಿಕರ್ಸ್ ಬಂದರು. ಇನ್ನೂ ಖ್ಯಾತಿಗೆ ಬಾರದ ಯುವಕ ಪ್ಲಾಸಿಡೊ ಡೊಮಿಂಗೊ 1966ರಲ್ಲಿ ಸಿಲ್ಸ್ ಜೊತೆ ರಾಮೋ ಅವರ ‘ಇಪೊಲಿತ್ ಎ ಅರಿಸಿ’ಯಲ್ಲಿ ಹಾಡಿದರು. ದೊಡ್ಡ ಮಂದಿರಗಳಲ್ಲಿ ಪ್ರಸಿದ್ಧ ಗಾಯಕರು ಕೊನೆಯ ಗಳಿಗೆಗೆ ವಿಮಾನದಿಂದಿಳಿದು, ಹಳೆಯ ಪ್ರಯೋಗದೊಳಕ್ಕೆ ಒಂದೆರಡು ತಾಲೀಮಿನಲ್ಲಿ ಸೇರಿಕೊಂಡು ಹಾಡಿ ಹೋಗುವುದುಂಟು. ಬಾಸ್ಟನ್ನಿನಲ್ಲಿ ಒಂದು ಕೃತಿಗೆ ಕೆಲವೇ ಪ್ರದರ್ಶನ; ಆದರೆ ಪ್ರತಿಯೊಂದನ್ನೂ ಮೊದಲಿನಿಂದ ಕಟ್ಟುತ್ತಿದ್ದರು. ಬೇರೆಡೆ ಸಿಗದ ಪಾತ್ರ, ಬೇರೆಡೆ ಸಿಗದ ತಾಲೀಮಿನ ಕಾಲ, ಸಂಗೀತವನ್ನೂ ನಟನೆಯನ್ನೂ ಒಟ್ಟಿಗೆ ತಿದ್ದಬಲ್ಲ ಯಜಮಾನಿ: ಕಲಾವಿದರಿಗೆ ಇವು ಸಂಭಾವನೆಗಿಂತ ದೊಡ್ಡ ಆಕರ್ಷಣೆಯಾದವು. ಕಾಲ್ಡ್‌ವೆಲ್ ಕೂಡ ಹಗಲು ರಾತ್ರಿ ನೋಡದೆ ದುಡಿದರು; ತಾಲೀಮಿನ ದಿನಗಳಲ್ಲಿ ಮನೆಗೆ ಹೋಗದೆ ರಂಗಮಂದಿರದಲ್ಲೇ ಮಲಗುತ್ತಿದ್ದರೆಂಬುದು ಬಾಸ್ಟನ್ನಿನಲ್ಲಿ ಎಲ್ಲರೂ ಬಲ್ಲ ಮಾತಾಗಿತ್ತು.

ಈಗ ಹಣದ ವಿಷಯ. ಅರ್ಥಶಾಸ್ತ್ರಜ್ಞರಾದ ವಿಲಿಯಂ ಬಾಮೊಲ್ ಮತ್ತು ವಿಲಿಯಂ ಬೋವೆನ್ 1966ರಲ್ಲಿ ಪ್ರದರ್ಶಕ ಕಲೆಗಳ ಕುರಿತು ಒಂದು ಮುಖ್ಯ ಅಧ್ಯಯನ ಪ್ರಕಟಿಸಿದರು. ಅವರ ವಾದ ಸರಳ. ಕಾರ್ಖಾನೆಯಲ್ಲಿ ಯಂತ್ರ ಸುಧಾರಿಸಿದಂತೆ ಒಬ್ಬ ಕಾರ್ಮಿಕ ಗಂಟೆಗೆ ತಯಾರಿಸುವ ಸರಕು ಹೆಚ್ಚುತ್ತದೆ, ಆದ್ದರಿಂದ ಅವನ ಕೂಲಿ ಹೆಚ್ಚಿದರೂ ಸರಕಿನ ಬೆಲೆ ಅಷ್ಟು ಏರಬೇಕಿಲ್ಲ. ಆದರೆ ನಾಲ್ವರು ನುಡಿಸುವ ಅರ್ಧ ಗಂಟೆಯ ಕೃತಿಗೆ ಇನ್ನೂರು ವರ್ಷಗಳ ಹಿಂದೆಯೂ ನಾಲ್ವರೇ, ಅರ್ಧ ಗಂಟೆಯೇ ಬೇಕಿತ್ತು. ಇಂದಿಗೂ ಅಷ್ಟೇ ಬೇಕು. ಉಳಿದ ಕಸುಬುಗಳಲ್ಲಿ ಕೂಲಿ ಏರಿದಾಗ ವಾದಕರ ಕೂಲಿಯೂ ಏರಲೇಬೇಕು, ಇಲ್ಲದಿದ್ದರೆ ಅವರು ಬೇರೆ ಕಸುಬಿಗೆ ಹೋಗುತ್ತಾರೆ. ಆದರೆ ಅವರ ‘ಉತ್ಪಾದನೆ’ ಹೆಚ್ಚುವುದಿಲ್ಲ. ಹೀಗಾಗಿ ಖರ್ಚಿಗೂ ಟಿಕೆಟ್ಟಿನ ಆದಾಯಕ್ಕೂ ನಡುವಿನ ಅಂತರ ವರ್ಷದಿಂದ ವರ್ಷಕ್ಕೆ ಅಗಲವಾಗುತ್ತಲೇ ಹೋಗುತ್ತದೆ. ವಾದ್ಯವೃಂದ, ಮೇಳ, ಗಾಯಕರು, ಬಡಗಿಗಳು, ದರ್ಜಿಗಳು, ಬೆಳಕಿನವರು ಎಲ್ಲರೂ ಸೇರಬೇಕಾದ ಒಪೆರಾಕ್ಕೆ ಈ ಕಾಯಿಲೆ ಬಲವಾಗಿಯೇ ತಗಲುತ್ತದೆ. ಎಲ್ಲ ಆಸನ ತುಂಬಿದರೂ ನಷ್ಟವೇ.

ಜರ್ಮನಿಯಂಥ ದೇಶಗಳಲ್ಲಿ ಈ ಅಂತರವನ್ನು ಸರ್ಕಾರ ಮತ್ತು ನಗರಸಭೆಗಳು ತುಂಬುತ್ತವೆ. ಅಮೆರಿಕದಲ್ಲಿ ಆ ಪದ್ಧತಿಯಿಲ್ಲ. ಕಲೆಗಾಗಿ ಒಕ್ಕೂಟ ಸರ್ಕಾರದ ನಿಧಿ ಹುಟ್ಟಿದ್ದೇ 1965ರಲ್ಲಿ, ಅದರ ಮೊತ್ತವೂ ಚಿಕ್ಕದು. ಅಲ್ಲಿ ಒಪೆರಾ ಬದುಕುವುದು ತೆರಿಗೆ ವಿನಾಯಿತಿ ಪಡೆಯುವ ದಾನಿಗಳಿಂದ. ದಾನಿಗಳನ್ನು ಒಲಿಸಿಕೊಳ್ಳಲು ಗಟ್ಟಿಯಾದ ಆಡಳಿತ ಮಂಡಳಿ ಬೇಕು, ಎರಡು ಮೂರು ವರ್ಷ ಮೊದಲೇ ಹಾಕಿದ ಯೋಜನೆ ಬೇಕು, ಇಷ್ಟಕ್ಕಿಂತ ಹೆಚ್ಚು ಖರ್ಚು ಬೇಡ ಎನ್ನಬಲ್ಲ ಒಬ್ಬ ವ್ಯವಸ್ಥಾಪಕ ಬೇಕು. ಕಾಲ್ಡ್‌ವೆಲ್ ಅವರ ಕಂಪನಿಯಲ್ಲಿ ಬೇಡ ಎನ್ನುವವರಿರಲಿಲ್ಲ. ದೃಶ್ಯಕ್ಕೆ ಬೇಕೆಂದರೆ ಬೇಕು, ದುಡ್ಡು ಆಮೇಲೆ. ಬಿಲ್ಲುಗಳು ಬಾಕಿ ಬಿದ್ದವು, ಸಾಲದ ಮೇಲೆ ಸಾಲ ಬೆಳೆಯಿತು, ಋತುವಿನ ಆರಂಭಕ್ಕೆ ಮುಂದಿನ ಪ್ರಯೋಗ ನಡೆಯುತ್ತದೆಯೇ ಎಂಬುದು ಅನುಮಾನವಾಗುತ್ತಿತ್ತು. ಕೊನೆಯ ಗಳಿಗೆಯಲ್ಲಿ ದಾನಿಯೊಬ್ಬರು ಬಂದು ಉಳಿಸುವುದೂ ನಡೆಯುತ್ತಿತ್ತು. ಪ್ರತಿಭೆಯ ಮೇಲಿನ ಗೌರವದಿಂದ ಊರು ಇದನ್ನು ಬಹುಕಾಲ ಸಹಿಸಿಕೊಂಡಿತು.

ಎಚ್ಚರಿಕೆಯ ಗಂಟೆ ಮೊದಲೇ ಬಾರಿಸಿತ್ತು. 1967ರಲ್ಲಿ ಅವರು ಅಮೆರಿಕನ್ ನ್ಯಾಷನಲ್ ಒಪೆರಾ ಕಂಪನಿ ಎಂಬ ಸಂಚಾರಿ ತಂಡವನ್ನು ಕಟ್ಟಿ, ‘ಫಾಲ್‌ಸ್ಟಾಫ್’ ಮತ್ತು ‘ಟೋಸ್ಕಾ’ ಜೊತೆಗೆ ಆಲ್ಬನ್ ಬೆರ್ಗ್ ಅವರ ‘ಲುಲು’ವನ್ನು ದೇಶದ ಊರೂರಿಗೆ ಒಯ್ದರು. ‘ಲುಲು’ ಆಗ ಮಹಾನಗರಗಳಲ್ಲೇ ಅಪರೂಪದ ಕೃತಿ. ಒಪೆರಾವನ್ನೇ ಅಪರೂಪಕ್ಕೆ ಕಾಣುವ ಊರುಗಳಿಗೆ ಅದನ್ನು ಕೊಂಡೊಯ್ಯುವ ಆಲೋಚನೆಯಲ್ಲಿ ಅವರ ಉದಾರತೆಯೂ ಇದೆ, ಲೆಕ್ಕಾಚಾರದ ಅಭಾವವೂ ಇದೆ. ಸರ್ಕಾರದ ಅನುದಾನವಿದ್ದರೂ ತಂಡ ಹೆಚ್ಚು ಕಾಲ ಬಾಳಲಿಲ್ಲ.

1970ರ ದಶಕದ ಮಧ್ಯದಲ್ಲಿ ಅವರ ಖ್ಯಾತಿ ತುದಿ ಮುಟ್ಟಿತು. 1975ರ ನವೆಂಬರ್‌ನಲ್ಲಿ ‘ಟೈಮ್’ ಪತ್ರಿಕೆಯ ಮುಖಪುಟದಲ್ಲಿ ಅವರ ಚಿತ್ರ ಬಂತು. ಅದೇ ತಿಂಗಳು ನ್ಯೂಯಾರ್ಕ್ ಫಿಲ್ಹಾರ್ಮೋನಿಕ್ ವಾದ್ಯವೃಂದವನ್ನು ನಡೆಸಿ, ಲಿಲಿ ಬುಲಾಂಜೆ, ರುತ್ ಕ್ರಾಫರ್ಡ್ ಸೀಗರ್, ಥಿಯಾ ಮಸ್‌ಗ್ರೇವ್ ಮೊದಲಾದ ಮಹಿಳಾ ಸಂಯೋಜಕರ ಕೃತಿಗಳನ್ನಷ್ಟೇ ಒಳಗೊಂಡ ಕಛೇರಿಯನ್ನು ನೀಡಿದರು. ಎರಡು ತಿಂಗಳಲ್ಲಿ ಮೆಟ್ರೊಪಾಲಿಟನ್ ಕರೆಯಿತು. ಅದರ ಹಿಂದೆ ಬೆವರ್ಲಿ ಸಿಲ್ಸ್ ಇದ್ದರು. ಅದಕ್ಕೆ ಮೊದಲಿನ ವರ್ಷವಷ್ಟೇ ಆ ರಂಗವನ್ನೇರಿದ್ದ, ಅಷ್ಟರಲ್ಲಿ ದೇಶದ ಅತಿ ಜನಪ್ರಿಯ ಸೊಪ್ರಾನೊ (ಎತ್ತರದ ಸ್ತ್ರೀಕಂಠದ ಗಾಯಕಿ) ಆಗಿದ್ದ ಸಿಲ್ಸ್, ತಮ್ಮ ‘ಟ್ರಾವಿಯಾಟಾ’ಕ್ಕೆ ಕಾಲ್ಡ್‌ವೆಲ್ ಅವರೇ ಕಂಡಕ್ಟರ್ ಆಗಬೇಕೆಂದು ಪಟ್ಟುಹಿಡಿದಿದ್ದರು. ಮಹಿಳೆಗೆ ಅಲ್ಲಿನ ಬಾಗಿಲು ತೆರೆದದ್ದು ಸಂಸ್ಥೆಯ ಔದಾರ್ಯದಿಂದಲ್ಲ ಎಂಬುದು ಮುಂದಿನ ಚರಿತ್ರೆಯಿಂದಲೂ ತಿಳಿಯುತ್ತದೆ: ಕಾಲ್ಡ್‌ವೆಲ್ 1978ರಲ್ಲಿ ಮತ್ತೆ ಬಂದು ‘ಲೆಲಿಸಿರ್ ದಮೋರೆ’ ನಡೆಸಿಕೊಟ್ಟರು, ಅವರ ನಂತರ ಅಲ್ಲಿ ಕೋಲು ಹಿಡಿದ ಮಹಿಳೆ ಆಸ್ಟ್ರೇಲಿಯಾದ ಸಿಮೋನ್ ಯಂಗ್, ಅದೂ 1996ರಲ್ಲಿ.

ಆ ತಲೆಮಾರಿನ ಮಹಿಳೆಯರು ಕಂಡಕ್ಟರ್ ಆಗಲು ಇದ್ದ ಸುಲಭ ದಾರಿಯೆಂದರೆ, ವಿಚಿತ್ರವೆನಿಸಿದರೂ, ತಮ್ಮದೇ ಕಂಪನಿಯನ್ನು ಕಟ್ಟಿಕೊಳ್ಳುವುದು. ಮೇರಿ ಕಾರ್ಡ್‌ವೆಲ್ ಡಾಸನ್ 1941ರಲ್ಲಿ ಪಿಟ್ಸ್‌ಬರ್ಗಿನಲ್ಲಿ ಕಪ್ಪು ಕಲಾವಿದರಿಗಾಗಿ ನ್ಯಾಷನಲ್ ನೀಗ್ರೊ ಒಪೆರಾ ಕಂಪನಿಯನ್ನು ಸ್ಥಾಪಿಸಿದ್ದರು. ಈವ್ ಕ್ವೆಲರ್ 1971ರಲ್ಲಿ ಒಪೆರಾ ಆರ್ಕೆಸ್ಟ್ರಾ ಆಫ್ ನ್ಯೂಯಾರ್ಕ್ ಆರಂಭಿಸಿ ದಶಕಗಟ್ಟಲೆ ನಡೆಸಿದರು. ಕಾಲ್ಡ್‌ವೆಲ್ ಅಧಿಕಾರವನ್ನೆಲ್ಲ ತಮ್ಮಲ್ಲೇ ಇಟ್ಟುಕೊಂಡದ್ದನ್ನು ಬರೀ ಹಟವೆಂದು ತಳ್ಳಿಹಾಕುವ ಮೊದಲು ಇದನ್ನು ನೆನೆಯಬೇಕು. ಕೋಲನ್ನು ಬೇರೆಯವರು ಕೊಡದ ಕಾಲದಲ್ಲಿ ಅದನ್ನು ಹಿಡಿಯಲು ಅವರು ಇಡೀ ಕಂಪನಿಯನ್ನೇ ಕಟ್ಟಬೇಕಾಯಿತು. ಕಟ್ಟಿದ್ದನ್ನು ಹಂಚಿಕೊಳ್ಳುವ ಅಭ್ಯಾಸ ಅಂಥವರಿಗೆ ಬಾರದಿದ್ದರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ.

1978ರಲ್ಲಿ ಕಂಪನಿ ಕೊನೆಗೂ ಸ್ವಂತ ಸೂರು ಪಡೆಯಿತು. ಬಾಸ್ಟನ್ನಿನ ವಾಷಿಂಗ್‌ಟನ್ ಬೀದಿಯಲ್ಲಿದ್ದ, ವಿವಿಧ ವಿನೋದಾವಳಿ ಮತ್ತು ಸಿನಿಮಾಕ್ಕಾಗಿ 1928ರಲ್ಲಿ ಕಟ್ಟಿದ್ದ ಸೊಗಸಾದ ಕೀತ್ ಮೆಮೋರಿಯಲ್ ಮಂದಿರವನ್ನು ಕೊಂಡು ಒಪೆರಾ ಹೌಸ್ ಎಂದು ಹೆಸರಿಟ್ಟರು. ಗಿಲೀಟಿನ ಛಾವಣಿಯೂ ಅಮೃತಶಿಲೆಯ ಕಂಬಗಳೂ ಕಣ್ಣಿಗೆ ಹಬ್ಬ. ಆದರೆ ರಂಗಕ್ಕೆ ಆಳ ಸಾಲದು, ಕಟ್ಟಡ ಹಳತು, ಸುತ್ತಲಿನ ಬೀದಿಗಳು ರಾತ್ರಿಯ ಓಡಾಟಕ್ಕೆ ಹಿತವಲ್ಲದವು. ಅಲೆದಾಟ ನಿಂತಿತು, ಬದಲಿಗೆ ರಿಪೇರಿಯ ಖರ್ಚು ಬಂತು. ನನಗನ್ನಿಸುವಂತೆ ಕಂಪನಿಯ ಅಂತ್ಯ ಶುರುವಾದದ್ದೇ ಅದರ ಕನಸು ನನಸಾದ ಈ ಹಂತದಲ್ಲಿ. ಆಟದ ಸಾಲವನ್ನು ಮುಂದಿನ ಆಟದ ಯಶಸ್ಸು ಸ್ವಲ್ಪವಾದರೂ ತೀರಿಸಬಲ್ಲದು. ಸೋರುವ ಮಾಳಿಗೆಯ ಸಾಲವನ್ನು ಯಾವ ಚಪ್ಪಾಳೆಯೂ ತೀರಿಸದು.

1988ರಲ್ಲಿ, ಶೀತಲ ಸಮರ ಕರಗುತ್ತಿದ್ದ ಹೊತ್ತಿನಲ್ಲಿ, ಸೋವಿಯತ್ ಒಕ್ಕೂಟದ ನೂರಾರು ಕಲಾವಿದರನ್ನು ಬಾಸ್ಟನ್ನಿಗೆ ಕರೆಸಿ ಜಂಟಿ ಸಂಗೀತೋತ್ಸವ ನಡೆಸಿದರು. ರೊಡಿಯೋನ್ ಶೆದ್ರಿನ್ ಅವರ ‘ಡೆಡ್ ಸೋಲ್ಸ್’ ಒಪೆರಾ ಅಮೆರಿಕಕ್ಕೆ ಪರಿಚಯವಾದದ್ದು ಆಗ. ಆ ಉತ್ಸವವೂ ದೊಡ್ಡ ಕನಸು, ದೊಡ್ಡ ಖರ್ಚು. 1990ರಲ್ಲಿ ರಾಬರ್ಟ್ ಡಿ ಡೊಮೆನಿಕಾ ಅವರ ಹೊಸ ಒಪೆರಾ ‘ದ ಬಾಲ್ಕನಿ’ಯನ್ನು ಆಡಿದ ಮೇಲೆ ಕಂಪನಿ ಮತ್ತೆ ತೆರೆ ಎತ್ತಲಿಲ್ಲ. ಮಂದಿರಕ್ಕೆ ಬೀಗ ಬಿತ್ತು. ಕಾಲ್ಡ್‌ವೆಲ್ ಅವರೊಬ್ಬರ ಮೇಲೆಯೇ ನಿಂತಿರದ ಕಂಪನಿ ಆಗಿದ್ದಿದ್ದರೆ ಅವರು ಹಿಂದೆ ಸರಿದ ಮೇಲೂ ಅದು ಉಳಿಯುತ್ತಿತ್ತು. 1976ರಲ್ಲಿ ಅದೇ ಊರಿನಲ್ಲಿ ಸಣ್ಣದಾಗಿ ಹುಟ್ಟಿದ ಬಾಸ್ಟನ್ ಲಿರಿಕ್ ಒಪೆರಾ ಅಷ್ಟು ದೊಡ್ಡ ಸಾಹಸಗಳಿಗೆ ಹೋಗದೆ ಇಂದಿಗೂ ನಡೆಯುತ್ತಿದೆ.

ಕಂಪನಿ ಮುಚ್ಚಿದ ನಂತರ ಕಾಲ್ಡ್‌ವೆಲ್ ರಷ್ಯಾದ ಕಡೆಗೆ ಹೊರಳಿ, ಯೆಕಟೆರಿನ್‌ಬರ್ಗಿನ ಉರಲ್ ಫಿಲ್ಹಾರ್ಮೋನಿಕ್ ವಾದ್ಯವೃಂದದ ಪ್ರಧಾನ ಅತಿಥಿ ಕಂಡಕ್ಟರ್ ಆಗಿ ಕೆಲಸ ಮಾಡಿದರು. 1996ರ ಸಾಲಿನ ರಾಷ್ಟ್ರೀಯ ಕಲಾ ಪದಕ ಅವರಿಗೆ ಸಂದಿತು. 1999ರಲ್ಲಿ ತಾವು ಬೆಳೆದ ಫೇಯೆಟ್‌ವಿಲ್‌ಗೆ ಮರಳಿ ಅರ್ಕನ್ಸಾ ವಿಶ್ವವಿದ್ಯಾಲಯದಲ್ಲಿ ಸಂಗೀತ ಕಲಿಸಿದರು. 2006ರ ಮಾರ್ಚ್ 23ರಂದು, 82ರ ವಯಸ್ಸಿನಲ್ಲಿ, ಮೇನ್ ರಾಜ್ಯದ ಪೋರ್ಟ್‌ಲ್ಯಾಂಡಿನಲ್ಲಿ ತೀರಿಕೊಂಡರು. ಅವರು ಕೊಂಡಿದ್ದ ಒಪೆರಾ ಹೌಸ್ ಅದಕ್ಕೆ ಎರಡು ವರ್ಷ ಮೊದಲೇ ದುರಸ್ತಿಯಾಗಿ, ರಂಗವನ್ನು ಹಿಂದಕ್ಕೆ ವಿಸ್ತರಿಸಿಕೊಂಡು, ‘ದ ಲಯನ್ ಕಿಂಗ್’ ಸಂಗೀತ ನಾಟಕದೊಂದಿಗೆ ಮತ್ತೆ ತೆರೆದಿತ್ತು. ಹೆಸರಿನಲ್ಲಿ ಒಪೆರಾ ಹೌಸ್ ಎಂಬುದು ಉಳಿದಿದೆ. ಅಲ್ಲಿ ಹೆಚ್ಚಾಗಿ ನಡೆಯುವುದು ಬಾಸ್ಟನ್ ಬ್ಯಾಲೆಯ ಪ್ರದರ್ಶನಗಳು ಮತ್ತು ಪ್ರವಾಸಕ್ಕೆ ಬರುವ ಬ್ರಾಡ್‌ವೇ ನಾಟಕಗಳು.